ಅರಿಶಿನ ಮೇಲಕ್ಕೆ, ಕುಂಕುಮ ಕೆಳಕ್ಕೆ

ಟೀವಿಗೆ ಕೊಡುವ ವಿಡಿಯೋದಲ್ಲಿ ಬಣ್ಣಗಳಿಗೂ ಕಾನೂನಿದೆ. ಕೆಲವು ಬಣ್ಣ ಲೀಗಲ್, ಕೆಲವು ಇಲ್ಲೀಗಲ್. ತಮಾಷೆಗೆ ಹೇಳ್ತಿಲ್ಲ. ಚಾನೆಲ್‌ಗಳಲ್ಲಿ ಫೈಲಿನ ಗುಣಮಟ್ಟ ನೋಡುವ ಕ್ಯೂಸಿ ವಿಭಾಗ ಅಂತ ಒಂದಿರುತ್ತೆ, ಅಲ್ಲಿಂದ ಬರುವ ವರದಿಗಳಲ್ಲಿ ಇದೇ ಪದ ಇರುತ್ತೆ. ಇಷ್ಟನೇ ನಿಮಿಷ, ಇಷ್ಟನೇ ಸೆಕೆಂಡು, ಕೆಂಪು ಇಲ್ಲೀಗಲ್, ಸರಿಪಡಿಸಿ ಕಳಿಸಿ. ಸರಿಪಡಿಸೋಕೆ ಎಲ್ಲ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಒಂದೊಂದು ಸಾಧನ ಇಟ್ಟಿದ್ದಾರೆ. ಫೈನಲ್ ಕಟ್‌ನಲ್ಲಿ ಅದರ ಹೆಸರು 'ಬ್ರಾಡ್‌ಕಾಸ್ಟ್ ಸೇಫ್'. ಪ್ರೀಮಿಯರ್‌ನಲ್ಲಿ 'ವಿಡಿಯೋ ಲಿಮಿಟರ್'. ಆಫ್ಟರ್ ಎಫೆಕ್ಟ್ಸ್‌ನಲ್ಲಿ 'ಬ್ರಾಡ್‌ಕಾಸ್ಟ್ ಕಲರ್ಸ್'. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗೆ ಒಂದು ಟಿಕ್ ಬಾಕ್ಸ್.

ಚಿತ್ರ ವಿಮರ್ಶೆ ಬರೆಯುವವರು ನಟನೆ ಬಗ್ಗೆ ಬರೀತಾರೆ, ಛಾಯಾಗ್ರಹಣದ ಬಗ್ಗೆ ಒಂದು ಸಾಲು ಬರೀತಾರೆ, ಸಂಕಲನ 'ಬಿಗಿಯಾಗಿದೆ' ಅಂತಲೋ 'ಇನ್ನೂ ಕತ್ತರಿ ಆಡಿಸಬಹುದಿತ್ತು' ಅಂತಲೋ ಬರೆದು ಕೈ ತೊಳ್ಕೋತಾರೆ. ಈ ಟಿಕ್ ಬಾಕ್ಸ್ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ನಾವು ಕೊನೆಗೆ ಟೀವಿಯಲ್ಲಿ ನೋಡುವ ಬಣ್ಣವನ್ನು ಎಷ್ಟೋ ಸಲ ಛಾಯಾಗ್ರಾಹಕ ನಿರ್ಧರಿಸಿರಲ್ಲ, ನಿರ್ದೇಶಕ ನಿರ್ಧರಿಸಿರಲ್ಲ, ಅದು ನಿರ್ಧರಿಸಿರುತ್ತೆ. ಹಾಗಾಗಿ ಈ ಸಲ ಅದರದ್ದೇ ವಿಮರ್ಶೆ.

ಮಾತು ಶುರುವಾದದ್ದು ಅರ್ಧ ಗಂಟೆಯ ಒಂದು ಸಾಕ್ಷ್ಯಚಿತ್ರದಿಂದ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ ಬಗ್ಗೆ. ಚಿತ್ರದ ಹೆಸರು, ಚಾನೆಲ್ ಹೆಸರು ಎರಡೂ ಬೇಡ. ಅದಕ್ಕೆ ಸಬ್‌ಟೈಟಲ್ ಬರೆದವಳು ನಾನು, ಹಾಗಾಗಿ ಎಡಿಟಿಂಗ್ ರೂಮಿನ ಮಾನಿಟರಿನಲ್ಲಿ ಹತ್ತಾರು ಸಲ ನೋಡಿದ್ದೆ. ಆಮೇಲೆ ಪ್ರಸಾರ ಆದಾಗ ನೋಡಿದೆ. ಸಂಕಲನ ಅದೇ, ಧ್ವನಿ ಅದೇ, ಸಬ್‌ಟೈಟಲ್ ಅದೇ. ಆದರೆ ಎರಡೂ ಒಂದೇ ಚಿತ್ರ ಅಂತ ಹೇಳೋಕೆ ನನಗೆ ಮನಸ್ಸು ಬರಲ್ಲ.

ಆ ಚಿತ್ರದ ಜೀವ ಇರೋದು ಚೌಕಿಯಲ್ಲಿ. ಕಲಾವಿದರು ಕನ್ನಡಿ ಮುಂದೆ ಕೂತು ತಮ್ಮ ಮುಖವನ್ನು ತಾವೇ ಅಳಿಸ್ತಾ ಹೋಗ್ತಾರೆ. ಕೆಂಪು, ಕಪ್ಪು, ಆಮೇಲೆ ಅಕ್ಕಿ ಹಿಟ್ಟು ಸುಣ್ಣ ಕಲಸಿದ ಚುಟ್ಟಿ. ಒಂದೊಂದೇ ಮುಳ್ಳು ಇಡಬೇಕು, ಒಣಗಬೇಕು, ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ಹೆಚ್ಚು ಮಾತಿಲ್ಲದ ದೃಶ್ಯ ಅದು, ಹಾಗಾಗಿ ನೋಡುವವರಿಗೆ ಸಿಗೋದು ಬಣ್ಣ ಮಾತ್ರ. ಎಡಿಟಿಂಗ್ ರೂಮಿನಲ್ಲಿ ನೋಡಿದಾಗ ಆ ಕೆಂಪಿಗೆ ಮೂರು ನಾಲ್ಕು ಪದರ ಇತ್ತು. ಕಣ್ಣಿನ ಕೆಳಗೆ ಗಾಢ, ಕೆನ್ನೆಯ ಉಬ್ಬಿನಲ್ಲಿ ಉರಿಯುವ ಕೆಂಪು, ಬೆರಳು ಎಳೆದ ಗುರುತು. ಪ್ರತಿ ಚುಟ್ಟಿ ಮುಳ್ಳಿಗೂ ಪಕ್ಕದಲ್ಲಿ ಅದರದ್ದೇ ಪುಟ್ಟ ನೆರಳು. ಪ್ರಸಾರದಲ್ಲಿ ಕೆಂಪು ಒಂದೇ ಮಟ್ಟದ್ದು, ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ. ಚುಟ್ಟಿ ಸುಣ್ಣ ಬಳಿದ ಗೋಡೆ. ವೇಷ ರಂಗಸ್ಥಳಕ್ಕೆ ಬರುವಾಗ ದೊಂದಿಗೆ ರಾಳ ಎರಚ್ತಾರಲ್ಲ, ಆ ಬೆಂಕಿಯ ಅಂಚು ಕಿತ್ತಳೆ, ಒಳಗೆ ಹಳದಿ, ನಡುವಲ್ಲಿ ಬಿಳಿ ಇತ್ತು. ಟೀವಿಯಲ್ಲಿ ಕಂಡದ್ದು ಸಾಸಿವೆ ಗೊಜ್ಜಿನ ಬಣ್ಣದ ಒಂದು ಕಲೆ.

ಎಡಿಟರ್ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕಾ, ರಾತ್ರಿ ಹನ್ನೊಂದಕ್ಕೆ ರಿಪೋರ್ಟ್ ಬಂತು. ಬೆಳಗ್ಗೆ ಒಂಬತ್ತಕ್ಕೆ ಫೈಲ್ ಬೇಕಂತೆ, ಇಲ್ಲಾಂದ್ರೆ ಸ್ಲಾಟ್ ಹೋಗುತ್ತೆ, ಸ್ಲಾಟ್ ಹೋದ್ರೆ ಪೇಮೆಂಟೂ ಹೋಗುತ್ತೆ. ಇಡೀ ಟೈಮ್‌ಲೈನಿಗೆ ಎಫೆಕ್ಟ್ ಎಳೆದು ಹಾಕ್ದೆ. ಪಾಸಾಯ್ತು" ಅಂದ. ಅವನನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಕ್ಯೂಸಿ ವರದಿ ಅಂದ್ರೆ ಫ್ರೀಲಾನ್ಸ್ ಎಡಿಟರ್ ಪಾಲಿಗೆ ಬಾಕಿ ಬಿಲ್ಲು. ಎಫೆಕ್ಟ್ ಅವನ ಕೆಲಸವನ್ನು ಉಳಿಸಿತು. ಉಳಿಸೋಕೆ ಏನು ತಗೊಂಡಿತು ಅನ್ನೋದು ಪ್ರಶ್ನೆ.

ಸ್ವಲ್ಪ ಲೆಕ್ಕ ನೋಡೋಣ, ಜಾಸ್ತಿ ಇಲ್ಲ. ಎಂಟು ಬಿಟ್ ವಿಡಿಯೋದಲ್ಲಿ ಬೆಳಕಿನ ಮಟ್ಟಕ್ಕೆ 0ಯಿಂದ 255ರವರೆಗೆ ಸಂಖ್ಯೆ ಇರುತ್ತೆ. ಕಂಪ್ಯೂಟರಿಗೆ 0 ಅಂದ್ರೆ ಕಪ್ಪು, 255 ಅಂದ್ರೆ ಬಿಳಿ. ಟೀವಿ ವಿಡಿಯೋಗೆ ಹಾಗಲ್ಲ. 1982ರಲ್ಲಿ ಬಂದ ರೆಕ್. 601 ಅನ್ನೋ ಮಾನದಂಡದ ಪ್ರಕಾರ ಕಪ್ಪು 16ರಲ್ಲಿ, ಬಿಳಿ 235ರಲ್ಲಿ. ಎಚ್‌ಡಿಗೆ ಬಂದ ರೆಕ್. 709 ಕೂಡ ಇದನ್ನೇ ಇಟ್ಟುಕೊಂಡಿತು. ಹತ್ತು ಬಿಟ್ ಆದ್ರೆ 64 ಮತ್ತು 940. ಮೇಲೆ ಕೆಳಗೆ ಯಾಕೆ ಜಾಗ ಬಿಟ್ಟರು? ಸಿಗ್ನಲ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಚೂಪು ಅಂಚುಗಳಲ್ಲಿ ಸ್ವಲ್ಪ ತುಳುಕುತ್ತೆ. ಕೊಡ ಕಂಠಪೂರ್ತಿ ತುಂಬಿಸಿ ನಡೆಯೋಕಾಗಲ್ಲ, ಅದಕ್ಕೆ. ಪೂರ್ತಿ ತುದಿಯ 0 ಮತ್ತು 255 ಚಿತ್ರಕ್ಕೇ ಇಲ್ಲ, ಸಿಂಕ್ ಗುರುತುಗಳಿಗೆ ಮೀಸಲು. (ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಹಾಕಿ ಟೀವಿಗೆ ಜೋಡಿಸಿದಾಗ ಕಪ್ಪು ಬೂದಿಯಾಗಿ ಕಂಡಿದ್ದರೆ ಅದೂ ಈ ಎರಡು ಲೆಕ್ಕಗಳ ಜಗಳವೇ ಇರಬಹುದು. ಒಬ್ಬ 16ರಿಂದ ಎಣಿಸ್ತಾನೆ, ಇನ್ನೊಬ್ಬ 0ಯಿಂದ.)

ಇದು ಬೆಳಕಿನ ಮಾತಾಯ್ತು. ಬಣ್ಣದ ಕಾನೂನು ಇನ್ನೂ ಸ್ವಾರಸ್ಯ. ವಿಡಿಯೋದಲ್ಲಿ ಕೆಂಪು ಹಸಿರು ನೀಲಿ ಅಂತ ನೇರವಾಗಿ ಬರೆದಿಡಲ್ಲ. ಬೆಳಕು ಒಂದು ಅಂಕಿ, ಅದರಿಂದ ನೀಲಿ ಎಷ್ಟು ದೂರ ಅನ್ನೋದು ಇನ್ನೊಂದು, ಕೆಂಪು ಎಷ್ಟು ದೂರ ಅನ್ನೋದು ಮತ್ತೊಂದು. ಮೂರು ಅಂಕಿಯೂ ತಮ್ಮ ತಮ್ಮ ಮಿತಿಯೊಳಗೇ ಇರಬಹುದು, ಆದರೆ ಮೂರನ್ನೂ ಕೂಡಿಸಿದಾಗ ಅಂಥ ಬಣ್ಣವೇ ಇಲ್ಲದಿರಬಹುದು. ಅಕ್ಷರ ಎಲ್ಲ ಸರಿ, ಪದ ಮಾತ್ರ ಭಾಷೆಯಲ್ಲಿಲ್ಲ ಅನ್ನೋ ಹಾಗೆ. ಬರೆಯಲು ಸಾಧ್ಯವಿರುವ ಒಟ್ಟು ಜೋಡಣೆಗಳಲ್ಲಿ ನಿಜವಾಗಿ ಪರದೆಯ ಮೇಲೆ ತೋರಿಸಬಹುದಾದ ಬಣ್ಣಗಳು ಸುಮಾರು ಕಾಲು ಭಾಗ ಅಷ್ಟೆ. ಉಳಿದ ಮುಕ್ಕಾಲು ಭಾಗ ಇಲ್ಲದ ಬಣ್ಣಗಳು. ಕ್ಯೂಸಿ ಯಂತ್ರ 'ಗ್ಯಾಮಟ್ ಎರರ್' ಅಂತ ಕೂಗೋದು ಇಂಥದ್ದು ಸಿಕ್ಕಾಗ.

ಇನ್ನು ಹಳೇ ಕಾಲ. ಈ 'ಸೇಫ್' ಅನ್ನೋ ಪದ ಹುಟ್ಟಿದ್ದು ಅನಲಾಗ್ ಟೀವಿಯಲ್ಲಿ. ನಮ್ಮ ದೇಶದ್ದು ಪಾಲ್ ಪದ್ಧತಿ. ಅದರಲ್ಲಿ ಬೆಳಕು ಮತ್ತು ಬಣ್ಣ ಒಂದೇ ತಂತಿಯಲ್ಲಿ ಒಟ್ಟಿಗೆ ಹೋಗ್ತಿದ್ದವು. ಬೆಳಕಿನ ಮಟ್ಟದ ಮೇಲೆ ಬಣ್ಣ ಒಂದು ಅಲೆಯಾಗಿ ಕೂರುತ್ತೆ. ಬಣ್ಣ ಎಷ್ಟು ಗಾಢವೋ ಅಲೆ ಅಷ್ಟು ದೊಡ್ಡದು. ಈಗ ನೋಡಿ, ಪೂರ್ಣ ಹಳದಿಯ ಬೆಳಕು ಮೊದಲೇ 89 ಪರ್ಸೆಂಟ್. ಅದರ ಮೇಲೆ ಅಲೆ ಕೂತರೆ ತುದಿ 133 ಪರ್ಸೆಂಟಿಗೆ ಹೋಗುತ್ತೆ. ಬಿಳಿಯ ಮಿತಿ 100. ಪೂರ್ಣ ಕೆಂಪಿನ ಬೆಳಕು 30 ಪರ್ಸೆಂಟ್ ಮಾತ್ರ, ಆದರೆ ಅದರ ಅಲೆ ದೊಡ್ಡದು, ಹಾಗಾಗಿ ಅದು ಕಪ್ಪಿನ ಗೆರೆ ದಾಟಿ ಕೆಳಗೆ ಮೈನಸ್ 33ಕ್ಕೆ ಇಳಿಯುತ್ತೆ. ಅಂದ್ರೆ ಅರಿಶಿನ ಮೂರನೇ ಒಂದು ಭಾಗ ಮೇಲಕ್ಕೆ ಹಾರುತ್ತೆ, ಕುಂಕುಮ ಮೂರನೇ ಒಂದು ಭಾಗ ಕೆಳಕ್ಕೆ ಬೀಳುತ್ತೆ. ಮ. ರಾಮಮೂರ್ತಿಯವರು ರೂಪಿಸಿದ ನಮ್ಮ ಬಾವುಟ ನೆನಪು ಮಾಡ್ಕೊಳ್ಳಿ, ಮೇಲೆ ಹಳದಿ ಕೆಳಗೆ ಕೆಂಪು. ನವೆಂಬರ್ ಒಂದರ ಮೆರವಣಿಗೆಯನ್ನು ಪೂರ್ಣ ಬಣ್ಣದಲ್ಲಿ ಪ್ರಸಾರ ಮಾಡಬೇಕಾದ ಇಂಜಿನಿಯರಿನ ತಲೆನೋವು ಹೇಗಿರಬಹುದು ಯೋಚಿಸಿ. (ಸಯಾನ್ ಹಳದಿಯಷ್ಟೇ ಮೇಲೆ ಹಾರುತ್ತೆ, ನೀಲಿ ಕೆಂಪಿನಷ್ಟೇ ಕೆಳಗೆ ಬೀಳುತ್ತೆ. ಆದರೆ ನಮ್ಮ ಹಬ್ಬ, ಜಾತ್ರೆ, ಆಟ, ಮದುವೆ ಯಾವುದರಲ್ಲೂ ಸಯಾನ್ ಅಷ್ಟಾಗಿ ಕಾಣಲ್ಲ.) ಪರೀಕ್ಷೆಗೆ ತೋರಿಸುವ ಕಲರ್ ಬಾರ್‌ಗಳಲ್ಲಿ ಬಣ್ಣಗಳನ್ನು ಸಾಮಾನ್ಯವಾಗಿ 75 ಪರ್ಸೆಂಟಿಗೆ ಇಟ್ಟಿರೋದೂ ಇದೇ ಕಾರಣಕ್ಕೆ. ಆ ಮಟ್ಟದಲ್ಲಿ ಹಳದಿಯ ತುದಿ ಸರಿಯಾಗಿ 100ಕ್ಕೆ ಬಂದು ನಿಲ್ಲುತ್ತೆ.

ಮಿತಿ ಮೀರಿದರೆ ಏನಾಗ್ತಿತ್ತು? ಬಣ್ಣ ಕೆಡೋದಿರಲಿ, ಶಬ್ದ ಕೆಡ್ತಿತ್ತು. ಟ್ರಾನ್ಸ್‌ಮಿಟರಿನಲ್ಲಿ ಚಿತ್ರ ಬೆಳ್ಳಗಾದಷ್ಟೂ ವಾಹಕ ತರಂಗ ಕ್ಷೀಣವಾಗುವ ವ್ಯವಸ್ಥೆ. ಪೂರ್ಣ ಬಿಳಿಗೆ ಹತ್ತು ಪರ್ಸೆಂಟಿನ ಆಸುಪಾಸು ಮಾತ್ರ ಉಳಿಯುತ್ತೆ. ಬಿಳಿಗಿಂತ ಬಿಳಿ ಕಳಿಸಿದರೆ ಅದೂ ಇಲ್ಲವಾಗುತ್ತೆ. ಟೀವಿ ಸೆಟ್ಟು ಶಬ್ದವನ್ನು ಹೆಕ್ಕಿಕೊಳ್ಳೋದೇ ಚಿತ್ರದ ತರಂಗ ಮತ್ತು ಶಬ್ದದ ತರಂಗದ ನಡುವಿನ ಅಂತರದಿಂದ. ಚಿತ್ರದ್ದು ಮಾಯವಾದರೆ ಸ್ಪೀಕರಿನಲ್ಲಿ ಗುಂಯ್ ಅನ್ನೋ ಸದ್ದು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ನೆನಪಿರಬಹುದು, ಪರದೆ ಮೇಲೆ ದೊಡ್ಡ ಬಿಳಿ ಅಕ್ಷರ ಬಂದಾಗಲೆಲ್ಲ ಟೀವಿ ಜೇನುಗೂಡಿನ ಹಾಗೆ ಗುಂಯ್‌ಗುಡೋದು, ಅಕ್ಷರ ಹೋದ ತಕ್ಷಣ ಸುಮ್ಮನಾಗೋದು. ಮನೆಯಲ್ಲಿ ಯಾರಾದ್ರೂ ಎದ್ದು ಹೋಗಿ ಟೀವಿ ತಲೆಗೆ ಒಂದು ಏಟು ಹಾಕೋರು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಆದ್ದರಿಂದ ಆ ಕಾಲಕ್ಕೆ 'ಸೇಫ್' ಅನ್ನೋದು ಸರಿಯಾದ ಪದವೇ. ಟ್ರಾನ್ಸ್‌ಮಿಟರಿಗೆ ಸೇಫ್, ಶಬ್ದಕ್ಕೆ ಸೇಫ್.

ಈಗ ಅಮೆರಿಕದ ದೊಡ್ಡ ಸ್ಟೇಷನ್‌ಗಳು ಅನಲಾಗ್ ನಿಲ್ಲಿಸಿದ್ದು 2009ರ ಜೂನ್ 12ಕ್ಕೆ. ನಮ್ಮ ದೂರದರ್ಶನವೂ 2022ರ ಹೊತ್ತಿಗೆ ತನ್ನ ಬಹುಪಾಲು ಅನಲಾಗ್ ಟ್ರಾನ್ಸ್‌ಮಿಟರ್‌ಗಳಿಗೆ ಬೀಗ ಹಾಕಿತು. ಹಾಗಾದ್ರೆ ಈ ಕಾನೂನೂ ಸತ್ತಂತೆ ಅಲ್ವಾ ಅಂತ ವಾದಿಸುವ ಒಂದು ಗುಂಪಿದೆ. 'ನಾನು ಮಾಡೋದು ಯೂಟ್ಯೂಬಿಗೆ, ನಂಗ್ಯಾಕೆ ಇದೆಲ್ಲ' ಅನ್ನೋರು. ನಾನು ಈ ಗುಂಪಿನಲ್ಲಿಲ್ಲ. ಯೂಟ್ಯೂಬಿಗೆ ಹೋಗುವ ಮಾಮೂಲಿ ಫೈಲೂ 16–235ರ ಲೆಕ್ಕದ್ದೇ. ನಿಮ್ಮ ಫೋನು ಪ್ಲೇ ಮಾಡುವಾಗ 235ನ್ನು ಪರದೆಯ ಪೂರ್ಣ ಬಿಳಿಗೆ ಎಳೆಯುತ್ತೆ, ಅದರ ಮೇಲೆ ಇದ್ದದ್ದನ್ನೆಲ್ಲ ಕತ್ತರಿಸುತ್ತೆ. ಮೊದಲು ಗುಂಯ್ ಅನ್ನೋದಾದರೂ ಕೇಳ್ತಿತ್ತು, ಈಗ ಸದ್ದೇ ಇಲ್ಲದೆ ಮೋಡ ಮಾಯ. ಎಷ್ಟೋ ಕ್ಯಾಮೆರಾಗಳು ಬಿಳಿಯನ್ನು 235 ದಾಟಿಸಿ 255ರ ತನಕ, ಅಂದ್ರೆ ಸುಮಾರು 109 ಪರ್ಸೆಂಟಿನ ತನಕ, ದಾಖಲಿಸುತ್ತವೆ. ರಾಳದ ಬೆಂಕಿಯ ನಡುವಿನ ಆ ಬಿಳಿ, ಚುಟ್ಟಿಯ ನೆರಳುಗಳು ಬದುಕಿದ್ದು ಅಲ್ಲೇ, ಆ ಇಪ್ಪತ್ತು ಅಂಕಿಗಳ ಅಟ್ಟದಲ್ಲಿ. ಅದನ್ನು ಮೆಲ್ಲಗೆ ಕೆಳಗಿಳಿಸಿಕೊಂಡರೆ ಉಳಿಯುತ್ತೆ. ಬಿಟ್ಟರೆ ಫೋನು ಕತ್ತರಿಸುತ್ತೆ. ಲಿಮಿಟರನ್ನು ಕುರುಡಾಗಿ ಹಾಕಿದರೆ ಫೋನಿನ ಕೆಲಸವನ್ನು ನಾವೇ ಮೊದಲು ಮಾಡಿದ ಹಾಗೆ.

ಇನ್ನೊಂದು ಗುಂಪು ಇದಕ್ಕೆ ಪೂರಾ ವಿರುದ್ಧ. ಟಿಕ್ ಹಾಕು, ಮರೆತುಬಿಡು. ಇವರ ಮೇಲೆ ನನಗೆ ಇನ್ನೂ ಜಾಸ್ತಿ ತಕರಾರು, ಯಾಕಂದ್ರೆ ಇವರು ಕಾನೂನನ್ನು ಪಾಲಿಸ್ತಿದ್ದೀವಿ ಅಂದುಕೊಂಡಿರ್ತಾರೆ. ಕಾನೂನು ಅಷ್ಟು ಕಠೋರವಾಗಿ ಇಲ್ವೇ ಇಲ್ಲ! ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ, ಇಬಿಯು, ಇದಕ್ಕೇ ಅಂತ ಆರ್ 103 ಅನ್ನೋ ಶಿಫಾರಸು ಇಟ್ಟಿದೆ. ಬೇರೆ ಕಡೆಯೂ ಅದನ್ನೇ ನೋಡ್ತಾರೆ. ಅದರ ಪ್ರಕಾರ ಕೆಂಪು ಹಸಿರು ನೀಲಿ ಪ್ರತಿಯೊಂದೂ ಮೈನಸ್ 5ರಿಂದ 105 ಪರ್ಸೆಂಟಿನವರೆಗೆ ಇರಬಹುದು, ಎಂಟು ಬಿಟ್ ಲೆಕ್ಕದಲ್ಲಿ 5ರಿಂದ 246. ಹಳೇ ಆವೃತ್ತಿಯಲ್ಲಿ ಬೆಳಕಿಗೆ ಮೈನಸ್ 1ರಿಂದ 103 ಅಂತಿತ್ತು. ಅದನ್ನೂ ಮೀರಿದರೆ? ಚಿತ್ರದ ಒಟ್ಟು ಜಾಗದಲ್ಲಿ ಒಂದು ಪರ್ಸೆಂಟಿನಷ್ಟು ಮೀರಿದರೂ ಪರವಾಗಿಲ್ಲ. ಇದನ್ನು ಬರೆದವರಿಗೆ ಗೊತ್ತು, ಚೂಪು ಅಂಚಿನ ಪಕ್ಕ ನಾಲ್ಕು ಪಿಕ್ಸೆಲ್ ತುಳುಕಿದರೆ ಜಗತ್ತೇನೂ ಮುಳುಗಲ್ಲ. ಅವರು ಅಂಚು ಬಿಟ್ಟರು, ಸಾಫ್ಟ್‌ವೇರ್ ಬಳಸುವವರು ಅಂಚನ್ನೂ ಕತ್ತರಿಸಿದರು.

ಸಾಧನಗಳನ್ನೇ ಒಂದೊಂದಾಗಿ ನೋಡಿದರೆ ಆಫ್ಟರ್ ಎಫೆಕ್ಟ್ಸ್‌ನ ಹಳೇ 'ಬ್ರಾಡ್‌ಕಾಸ್ಟ್ ಕಲರ್ಸ್' ನನಗೆ ಅತ್ಯಂತ ಪ್ರಾಮಾಣಿಕ ಅನ್ನಿಸುತ್ತೆ. ಅದು ನಿಮ್ಮನ್ನು ಕೇಳುತ್ತೆ, ಮಿತಿ ಮೀರಿದ ಬಣ್ಣವನ್ನು ಹೇಗೆ ಒಳಗೆ ತರಲಿ, ಬೆಳಕು ಕಡಿಮೆ ಮಾಡಲೋ, ಗಾಢತೆ ಕಡಿಮೆ ಮಾಡಲೋ? ಅರಿಶಿನದ ಮೇಲೆ ಎರಡನ್ನೂ ಮಾಡಿ ನೋಡಿ. ಬೆಳಕು ಕಡಿಮೆ ಮಾಡಿದರೆ ಸಾಸಿವೆ, ಗಾಢತೆ ಕಡಿಮೆ ಮಾಡಿದರೆ ಬೆಣ್ಣೆ. ಅರಿಶಿನ ಎರಡರಲ್ಲೂ ಇಲ್ಲ. ಆದರೆ ಕನಿಷ್ಠ, ಆಯ್ಕೆ ಅಂತ ಒಂದಿದೆ, ಅದರ ಹೊಣೆ ನಿಮ್ಮದು ಅಂತ ಅದು ಮುಚ್ಚಿಡದೆ ಹೇಳುತ್ತೆ. ಅದರಲ್ಲಿ ಇನ್ನೊಂದು ಆಯ್ಕೆಯೂ ಇದೆ, ಮಿತಿ ಮೀರಿದ ಪಿಕ್ಸೆಲ್‌ಗಳನ್ನು ಪಾರದರ್ಶಕ ಮಾಡಿ ತೋರಿಸೋದು. ಏನನ್ನೂ ಬದಲಿಸದೆ ಎಲ್ಲಿ ತೊಂದರೆ ಅಂತ ಮಾತ್ರ ಹೇಳುವ ಇದೇ ನನ್ನ ಪ್ರಕಾರ ಆ ಎಫೆಕ್ಟಿನ ಅತ್ಯುತ್ತಮ ಭಾಗ, ಆದರೆ ಬಳಸೋರು ಕಮ್ಮಿ. ಫೈನಲ್ ಕಟ್‌ನ ರೇಂಜ್ ಚೆಕ್ ಕೂಡ ಇದೇ ಜಾತಿಯದ್ದು. ಮಿತಿ ಮೀರಿದ ಜಾಗದ ಮೇಲೆ ಪಟ್ಟೆ ಪಟ್ಟೆ ಗೆರೆ ಎಳೆದು ಸುಮ್ಮನಿರುತ್ತೆ. ಪ್ರೀಮಿಯರ್‌ನ ಲಿಮಿಟರಿನಲ್ಲೂ ಗ್ಯಾಮಟ್ ವಾರ್ನಿಂಗ್ ಇದೆ. ಜೊತೆಗೆ 'ಕ್ಲಿಪ್ಪಿಂಗಿಗೆ ಮುಂಚೆ ಕಂಪ್ರೆಶನ್' ಅನ್ನೋ ಒಳ್ಳೇ ಸೌಲಭ್ಯ ಇದೆ. ಗೋಡೆಗೆ ಡಿಕ್ಕಿ ಹೊಡೆಯುವ ಬದಲು ಮಿತಿಗೆ ಸ್ವಲ್ಪ ದೂರ ಇರುವಾಗಲೇ ಬ್ರೇಕ್ ಹಾಕ್ತಾ ಬರೋದು ಅಂದುಕೊಳ್ಳಿ. ಹೀಗಾದಾಗ ಕೆಂಪಿನ ಪದರಗಳು ಒಂದರ ಮೇಲೊಂದು ಒತ್ತಿಕೊಂಡರೂ ಒಂದೇ ಆಗಿಬಿಡಲ್ಲ.

ರಿಸಾಲ್ವ್‌ನ ಟಿಕ್ ಬಾಕ್ಸ್ ಬಗ್ಗೆ ನನಗೆ ಬೇಸರ. ಬಣ್ಣದ ಕೆಲಸಕ್ಕೇ ಹೆಸರಾದ ಸಾಫ್ಟ್‌ವೇರ್ ಅದು. ಇಲ್ಲಿ ಮಾತ್ರ ಮೂರು ಆಯ್ಕೆ ಕೊಟ್ಟು ಸುಮ್ಮನಾಗುತ್ತೆ, 0ಯಿಂದ 100, ಮೈನಸ್ 10ರಿಂದ 110, ಮೈನಸ್ 20ರಿಂದ 120. ಅದೂ ಇಡೀ ಪ್ರಾಜೆಕ್ಟಿಗೆ. ಒಂದೊಂದು ಶಾಟಿಗೂ ಇಪ್ಪತ್ತು ನೋಡ್ ಹಾಕಿ ಕೂದಲು ಸೀಳಿದ ಮೇಲೆ ಕೊನೆಗೆ ಎಲ್ಲಕ್ಕೂ ಒಂದೇ ಕತ್ತರಿ. ಮದುವೆ ಅಡುಗೆಯಲ್ಲಿ ಪ್ರತಿ ಪದಾರ್ಥಕ್ಕೂ ಬೇರೆ ಬೇರೆ ಹದ ನೋಡಿ, ಬಡಿಸುವಾಗ ಎಲ್ಲದರ ಮೇಲೂ ಒಂದೇ ಸೌಟು ನೀರು ಹೊಯ್ದಂತೆ.

ಬೆಳಕಿನ ಗ್ರಾಫ್ ಒಂದನ್ನೇ ನೋಡಿ ಎಲ್ಲ ಸರಿ ಅನ್ನೋರಿಗೂ ಒಂದು ಮಾತು. ರೆಕ್. 709 ಲೆಕ್ಕದಲ್ಲಿ ಬೆಳಕಿಗೆ ಹಸಿರಿನ ಪಾಲು ಸುಮಾರು 72 ಪರ್ಸೆಂಟ್, ಕೆಂಪಿನದ್ದು 21, ನೀಲಿಯದ್ದು ಬರೀ 7. ಈಗ ರಂಗಸ್ಥಳಗಳಿಗೂ ಎಲ್‌ಇಡಿ ಲೈಟ್ ಬಂದಿವೆ. ಆ ಕಡುನೀಲಿ ಬೆಳಕು ವೇಷದ ಮೇಲೆ ಬಿದ್ದಾಗ ವೇವ್‌ಫಾರ್ಮಿನಲ್ಲಿ ಗೆರೆ ತಳದಲ್ಲೇ ತಣ್ಣಗೆ ಮಲಗಿರುತ್ತೆ, ಆದರೆ ನೀಲಿ ಚಾನೆಲ್ ಸೂರು ಹರ್ಕೊಂಡು ಹೋಗಿರುತ್ತೆ. ಕೆಂಪು ಹಸಿರು ನೀಲಿ ಮೂರನ್ನೂ ಪಕ್ಕಪಕ್ಕ ತೋರಿಸುವ ಪರೇಡ್ ನೋಡಿದರೆ ಮಾತ್ರ ಇದು ಗೊತ್ತಾಗೋದು.

ಇನ್ನೊಂದು ಬಳುವಳಿ ನಿಯಮ ಇದೆ, ಸಬ್‌ಟೈಟಲ್ ಬರೆಯುವ ನನ್ನನ್ನು ಇದು ನೇರವಾಗಿ ಕಾಡುತ್ತೆ. 'ಟೈಟಲ್‌ಗೆ ಪೂರ್ತಿ ಬಿಳಿ ಹಾಕಬೇಡಿ, 235 ಹಾಕಿ.' ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಇದನ್ನು ಮಂತ್ರದ ಹಾಗೆ ಹೇಳ್ತಾರೆ. ಕಂಪ್ಯೂಟರಿನ ಅಂಕಿಯನ್ನೇ ನೇರವಾಗಿ ವಿಡಿಯೋ ಅಂಕಿಯಾಗಿ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಇದು ಸರಿ. ಆದರೆ ಇವತ್ತು ನಾವು ಬಳಸುವ ಹೆಚ್ಚಿನವು 255ನ್ನು ತಾವೇ 235ಕ್ಕೆ ಇಳಿಸಿಕೊಳ್ಳುತ್ತವೆ. ಅಲ್ಲಿ ನೀವೂ 235 ಹಾಕಿದರೆ ಎರಡು ಸಲ ಇಳಿದು 218 ಆಗುತ್ತೆ. ಬಿಳಿ ಅಲ್ಲ, ನಾಲ್ಕು ಸಲ ಒಗೆದ ಪಂಚೆ. ಇದೇನು ಅಪಾಯ ಅಲ್ಲ, ಸರಿ. ಆದರೆ ಯಾಕೆ ಅಂತ ಕೇಳದೆ ಪಾಲಿಸುವ ನಿಯಮ ಹೇಗಿರುತ್ತೆ ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ಸಿಗಲ್ಲ.

ಹಾಗಾದ್ರೆ ಆ ರಾತ್ರಿ ಹನ್ನೊಂದು ಗಂಟೆಗೆ ಅವನು ಏನು ಮಾಡಬಹುದಿತ್ತು? ಇದನ್ನು ಅವನೇ ಆಮೇಲೆ ಮಾಡಿ ತೋರಿಸಿದ. ತಿಂಗಳಾದ ಮೇಲೆ ಬಿಡುವು ಮಾಡಿಕೊಂಡು ಮತ್ತೆ ಟೈಮ್‌ಲೈನ್ ತೆರೆದ, ನಾನೂ ಪಕ್ಕದಲ್ಲಿ ಕೂತಿದ್ದೆ. ಮೊದಲು ಎಫೆಕ್ಟ್ ತೆಗೆದು ವಾರ್ನಿಂಗ್ ಮಾತ್ರ ಹಾಕಿ ನೋಡಿದ. ಇಡೀ ಅರ್ಧ ಗಂಟೆಯಲ್ಲಿ ನಿಜವಾಗಿ ಮಿತಿ ಮೀರಿದ್ದು ಬೆರಳೆಣಿಕೆಯ ಶಾಟ್‌ಗಳು. ಉಳಿದದ್ದನ್ನು ಎಫೆಕ್ಟ್ ಸುಮ್ಮನೆ ಮುಟ್ಟಿತ್ತು.

ಚುಟ್ಟಿಯ ಶಾಟ್‌ಗಳಲ್ಲಿ ತೊಂದರೆ ಬಿಳಿಯದ್ದಾಗಿರಲಿಲ್ಲ, ಅಂಚಿನದ್ದಾಗಿತ್ತು. ಕೆಂಪು ಕಪ್ಪಿನ ಮೇಲೆ ನೂರಾರು ಬಿಳಿ ಮುಳ್ಳು, ಅಂದ್ರೆ ನೂರಾರು ಚೂಪು ಅಂಚು. ಕ್ಯಾಮೆರಾ ತಾನೇ ಒಂದಿಷ್ಟು ಶಾರ್ಪ್ ಮಾಡಿರುತ್ತೆ, ಇವನು ಎಡಿಟಿನಲ್ಲಿ ಇನ್ನಷ್ಟು ಮಾಡಿದ್ದ. ಪ್ರತಿ ಅಂಚಿನಲ್ಲೂ ಸಿಗ್ನಲ್ ತುಳುಕಿತ್ತು. ಅವನು ಹಾಕಿದ್ದ ಶಾರ್ಪನಿಂಗ್ ತೆಗೆದ ತಕ್ಷಣ ಅರ್ಧಕ್ಕರ್ಧ ಕೆಂಪು ಗುರುತುಗಳು ಹೋದವು, ಮುಳ್ಳುಗಳ ನೆರಳು ಹಾಗೇ ಉಳಿಯಿತು. ಮುಖದ ಕೆಂಪಿಗೆ ಆ ಬಣ್ಣವನ್ನಷ್ಟೇ ಆರಿಸಿಕೊಂಡು, ಅದರಲ್ಲೂ ಅತಿ ಗಾಢವಾದ ಭಾಗವನ್ನಷ್ಟೇ ಸ್ವಲ್ಪ ಬಾಗಿಸಿದ. ಕೆನ್ನೆಯ ಉರಿ ಒಂಚೂರು ಇಳಿಯಿತು, ಕಣ್ಣಿನ ಕೆಳಗಿನ ಗಾಢ ಕೆಂಪು ಅಲುಗಲಿಲ್ಲ. ಬೆಂಕಿಗೆ ಕರ್ವ್‌ನ ಮೇಲಿನ ತುದಿ ಹಿಡಿದು ಅಟ್ಟದಲ್ಲಿದ್ದದ್ದನ್ನು ಕೆಳಗಿಳಿಸಿದ. ನಡುವಿನ ಬಿಳಿ ವಾಪಸ್ ಬಂತು, ಸುತ್ತ ಹಳದಿ ಬಂತು. ಎಲ್ಲ ಆದ ಮೇಲೆ ಕೊನೆಯಲ್ಲಿ, ಟೈಟಲ್ ಸಬ್‌ಟೈಟಲ್ ಎಲ್ಲದಕ್ಕಿಂತ ಮೇಲಿನ ಲೇಯರಿನಲ್ಲಿ, ಲಿಮಿಟರ್ ಹಾಕಿದ. ಈಗ ಅದಕ್ಕೆ ಮಾಡೋಕೆ ಹೆಚ್ಚು ಕೆಲಸವೇ ಇರಲಿಲ್ಲ. ಸೀಟ್ ಬೆಲ್ಟ್ ಇರೋದು ಹಾಗೇ ಅಲ್ವಾ, ಅದರಿಂದಲೇ ಕಾರು ನಿಲ್ಲಿಸೋದಲ್ಲ.

ಇಲ್ಲೂ ಒಂದು ಕಿರಿಕಿರಿ ಉಳಿಯುತ್ತೆ. ಟೈಮ್‌ಲೈನಿನಲ್ಲಿ ಎಲ್ಲ ಮಿತಿಯೊಳಗೆ ಇದ್ದರೂ ಫೈಲ್ ಬರೆಯುವಾಗ ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸ್ತಾರೆ, ಅದನ್ನೇ 4:2:2 ಅನ್ನೋದು. ಆಮೇಲೆ ಕಂಪ್ರೆಸ್ ಮಾಡ್ತಾರೆ. ಎರಡರಲ್ಲೂ ಅಂಚುಗಳು ಮತ್ತೆ ಒಂದಿಷ್ಟು ತುಳುಕುತ್ತವೆ. ಆದ್ದರಿಂದ ಬರೆದ ಫೈಲನ್ನೇ ವಾಪಸ್ ತಂದು ಮತ್ತೊಮ್ಮೆ ಅಳೆಯಬೇಕು. ಅವನು ಅಳೆದ. ಅಲ್ಲಲ್ಲಿ ಪಿಕ್ಸೆಲ್‌ಗಳು ಹೊರಗಿದ್ದವು, ಒಂದು ಪರ್ಸೆಂಟಿನ ಹತ್ತಿರಕ್ಕೂ ಬರಲಿಲ್ಲ. ಒಟ್ಟು ಕೆಲಸಕ್ಕೆ ಹಿಡಿದದ್ದು ನಾಲ್ಕು ಗಂಟೆ, ಎರಡು ಟೀ ಸೇರಿ.

ಇಷ್ಟೆಲ್ಲ ಯಾಕೆ, ನೋಡೋರ ಮನೆ ಟೀವಿ ವಿವಿಡ್ ಮೋಡ್‌ನಲ್ಲಿರುತ್ತೆ, ಅಲ್ಲಿ ಎಲ್ಲ ಕೆಂಪೂ ಒಂದೇ ಅಂತ ಕೇಳಬಹುದು. ನಿಜ, ನಮ್ಮ ಊರಿನ ಮನೆಯ ಟೀವಿಯೂ ಹಾಗೇ ಇದೆ, ಬದಲಿಸಿದರೆ ಅಮ್ಮ 'ಟೀವಿ ಮಂಕಾಯ್ತು' ಅಂತ ಮತ್ತೆ ಹಾಕಿಸ್ತಾರೆ. ಆದರೆ ಟೀವಿಯ ಮೋಡ್ ಬದಲಿಸಬಹುದು, ಫೈಲಿನಲ್ಲಿ ಇಲ್ಲದ ಪದರವನ್ನು ಯಾವ ಮೋಡೂ ತರಲ್ಲ. ಬಣ್ಣದ ವೇಷ ಕಟ್ಟುವ ಹಿರಿಯರ ಕೈಚಳಕವನ್ನು ಹತ್ತಿರದಿಂದ ಹಿಡಿದ ಚಿತ್ರ ಇದು. ಮುಂದೆ ಯಾರಾದರೂ ಹುಡುಗ ಇದನ್ನು ನೋಡಿ ಕೆನ್ನೆ ಮೇಲೆ ಎಷ್ಟು ಕೆಂಪು, ಕಣ್ಣ ಕೆಳಗೆ ಎಷ್ಟು ಅಂತ ಕಲಿಯೋದಿದ್ದರೆ ಅವನಿಗೆ ಸಿಗೋದು ಫೈಲು ಮಾತ್ರ. ಪ್ಲಾಸ್ಟಿಕ್ ಬಕೆಟ್ಟಿನ ಕೆಂಪು ನೋಡಿ ಅವನು ಏನು ಕಲಿಯಬೇಕು?

ಎರಡನೇ ಫೈಲನ್ನು ಚಾನೆಲ್ಲಿಗೆ ಕಳಿಸಿದ್ದಾಯ್ತು. ಅದೂ ಕ್ಯೂಸಿ ಪಾಸಾಯಿತು, ಈ ಸಲ ಒಂದು ಗುರುತೂ ಇಲ್ಲದೆ. ಹಳೆಯದನ್ನು ತೆಗೆದು ಇದನ್ನೇ ಇಟ್ಟುಕೊಳ್ಳಿ ಅಂತ ಮೇಲ್ ಹಾಕಿದ, ಆಗಲಿ ಅಂತ ಉತ್ತರವೂ ಬಂತು. ಕಳೆದ ತಿಂಗಳು ಮರುಪ್ರಸಾರ ಇತ್ತು. ಹಳೇ ಫೈಲನ್ನೇ ಹಾಕಿದ್ದರು.